ಐಬಣ್ಣ ಹೇಳದ ನಾಲ್ಕನೇ ಐಬು

ಹಳೇ ಕಾರು ಮಾರುವ ಆ ರಸ್ತೆಯಲ್ಲಿ ಐಬಣ್ಣ ಅಂದರೆ ಗೊತ್ತಿಲ್ಲದವರಿಲ್ಲ. ಮಿಕ್ಕ ಅಂಗಡಿಗಳವರು ಗಿರಾಕಿ ಗೇಟು ದಾಟುವ ಮೊದಲೇ ಬಾಯಿ ಶುರು ಮಾಡುತ್ತಿದ್ದರು. "ಬನ್ನಿ ಸಾರ್, ಹೊಸದರ ಹಾಗೇ ಇದೆ ಸಾರ್, ಡಾಕ್ಟರೊಬ್ಬರು ಆಸ್ಪತ್ರೆಗೆ ಹೋಗಿಬರೋಕೆ ಮಾತ್ರ ಇಟ್ಟುಕೊಂಡಿದ್ದು ಸಾರ್." ಆ ಡಾಕ್ಟರು ಯಾರೋ ಮಹಾನುಭಾವ, ರಸ್ತೆಯ ಎರಡೂ ಕಡೆ ನಿಂತಿದ್ದ ಕಾರುಗಳನ್ನೆಲ್ಲ ಅವನೊಬ್ಬನೇ ಓಡಿಸಿದ್ದ! ಐಬಣ್ಣ ಹಾಗಲ್ಲ. ಕೈ ಕಟ್ಟಿಕೊಂಡು ಗಿರಾಕಿಯ ಹಿಂದೆ ಸುಮ್ಮನೆ ಒಂದು ಸುತ್ತು ಬರುತ್ತಿದ್ದ. ಅವರು ಯಾವುದಾದರೂ ಕಾರಿನ ಮುಂದೆ ನಿಂತರೆ ಗಂಟಲು ಸರಿಮಾಡಿಕೊಂಡು, "ನೋಡಿ, ಇದರಲ್ಲಿ ಮೂರು ಐಬಿದೆ, ಮೊದಲು ಅದನ್ನ ಹೇಳಿಬಿಡ್ತೀನಿ," ಅನ್ನುತ್ತಿದ್ದ. ಬಲಗಡೆ ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದೆ. ಹಿಂದಿನ ಸೀಟಿನ ಮೂಲೆಯಲ್ಲಿ ಹೊಲಿಗೆ ಬಿಟ್ಟಿದೆ. ಎಸಿ ತಣ್ಣಗಾಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಇಷ್ಟು ಹೇಳಿ ಬಾಯಿ ಮುಚ್ಚುತ್ತಿದ್ದ. ಬಂದ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಂಗಡಿಯವನೇ ತನ್ನ ಮಾಲಿನ ಹುಳುಕು ಹೇಳೋದು ಅಂದರೇನು! ಅಷ್ಟೇ, ಆಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ.

ಇದನ್ನು ಅವನು ಯಾರ ತಲೆ ಸವರೋಕೂ ಕಲಿತದ್ದಲ್ಲ, ಅಷ್ಟು ಮಾತ್ರ ಅವನ ಪರವಾಗಿ ಹೇಳಲೇಬೇಕು. ಟೈರಿನ ಅಂಗಡಿಯಲ್ಲಿದ್ದವನು ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದು ಸೇರಿದ್ದ. ಸುಳ್ಳು ಹೇಳೋಕೆ ಹೋದರೆ ಕಿವಿ ಕೆಂಪಾಗುತ್ತಿತ್ತು, ಮಾತು ತೊದಲುತ್ತಿತ್ತು. ಅಂಗಡಿಯ ಯಜಮಾನರು ಇವನನ್ನು ಇಟ್ಟುಕೊಂಡರೆ ಅಂಗಡಿ ಬಾಗಿಲು ಹಾಕಬೇಕಾಗುತ್ತೆ ಅಂತ ಇನ್ನೇನು ಮನೆಗೆ ಕಳಿಸುವವರಿದ್ದರು. ಅಷ್ಟರಲ್ಲಿ ಒಬ್ಬ ಮುದುಕರು ಬಂದು, "ಇದರಲ್ಲಿ ಏನೇನು ತೊಂದರೆ ಇದೆಯಪ್ಪ?" ಅಂತ ನೇರವಾಗಿ ಕೇಳಿಬಿಟ್ಟರು. ಐಬಣ್ಣ ಗೊತ್ತಿದ್ದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಕೆಲಸ ಹೋಯಿತು ಅಂತ ತಲೆ ತಗ್ಗಿಸಿ ನಿಂತ. ಮುದುಕರು ಆ ಕಾರನ್ನೇ ಕೊಂಡರು. ಅಷ್ಟು ಸಾಲದು ಅಂತ ಮುಂದಿನ ವಾರ ಭಾವಮೈದುನನನ್ನೂ ಕಳಿಸಿದರು.

ಯಜಮಾನರು ಇದನ್ನೆಲ್ಲ ತಮ್ಮ ಗಾಜಿನ ರೂಮಿನಿಂದ ನೋಡುತ್ತಿದ್ದರು. ಅವರು ಹುಟ್ಟಾ ವ್ಯಾಪಾರಿ. ಐಬಣ್ಣನನ್ನು ಒಳಗೆ ಕರೆದು ಕೂರಿಸಿ ಚಹಾ ಕೊಡಿಸಿದರು.

"ಇನ್ಮೇಲೆ ನೀನು ಹೀಗೇ ಮಾರು. ಕೇಳೋಕೆ ಮೊದಲೇ ಹೇಳಿಬಿಡು. ಆದ್ರೆ ಮೂರೇ ಐಬು. ಮೂರು ಹೇಳಿದ್ರೆ ನಂಬಿಕೆ ಬರುತ್ತೆ, ನಾಲ್ಕು ಹೇಳಿದ್ರೆ ಭಯ ಬರುತ್ತೆ."

"ನಾಲ್ಕನೇದು ಇದ್ರೆ?"

"ಕೇಳಿದ್ರೆ ಹೇಳು. ಸುಳ್ಳು ಅಂತೂ ಹೇಳಬೇಡ. ಕೇಳದೇ ಇದ್ರೆ ನಮಗ್ಯಾಕಯ್ಯಾ ಊರ ಉಸಾಬರಿ?"

ಐಬಣ್ಣನಿಗೆ ಇದು ಧರ್ಮವಾದ ಮಾತೇ ಅನ್ನಿಸಿತು. ಸುಳ್ಳು ಹೇಳೋ ಹಾಗಿಲ್ಲ, ಕಿವಿ ಕೆಂಪಾಗೋ ಹಾಗಿಲ್ಲ, ಕೆಲಸವೂ ಉಳಿಯಿತು. ನಾಲ್ಕನೇ ಐಬು ಸಾಮಾನ್ಯವಾಗಿ ಸಣ್ಣದೇ ಇರುತ್ತಿತ್ತು. ವೈಪರ್ ಕಿರುಗುಟ್ಟುವುದು, ಡಿಕ್ಕಿಯ ದೀಪ ಹತ್ತದಿರುವುದು, ಇಂಥವು. ಮೂರು ಹೇಳುವುದೆಂದರೆ ಯಾವ ಮೂರು ಅನ್ನುವ ಪ್ರಶ್ನೆಯನ್ನು ಅವನು ತನಗೆ ತಾನೇ ಹಾಕಿಕೊಳ್ಳಲಿಲ್ಲ. ಕೈಗೆ ಸಿಕ್ಕಿದ ಸಣ್ಣ ಮೂರನ್ನು ಹೇಳುತ್ತಾ ಹೇಳುತ್ತಾ ವರ್ಷಗಳು ಕಳೆದವು, ಕೂದಲು ಬೆಳ್ಳಗಾಯಿತು.

ಮನೆಯಲ್ಲಿ ಅವನ ಹೆಂಡತಿ ಹೊಲಿಗೆ ಯಂತ್ರ ಇಟ್ಟುಕೊಂಡು ಅಕ್ಕಪಕ್ಕದವರ ಬಟ್ಟೆಯ ಹೊಲಿಗೆ ಬಿಚ್ಚಿ ಸರಿಮಾಡಿ ಕೊಡುತ್ತಿದ್ದಳು. ಬಾಯಿ ತುಂಬ ದಾರದ ತುಂಡು, ಆದರೂ ಮಾತಿಗೇನೂ ಕೊರತೆಯಿಲ್ಲ. ಸಂಜೆ ಅವನು ಚಪ್ಪಲಿ ಬಿಡುತ್ತಿದ್ದ ಹಾಗೇ, "ಏನ್ರೀ, ಇವತ್ತು ಎಷ್ಟು ಐಬು ಮಾರಿದ್ರಿ?" ಅನ್ನುತ್ತಿದ್ದಳು. "ಒಂಬತ್ತು," ಅಂದರೆ ಮೂರು ಕಾರು ಹೋಯಿತು ಅಂತ ಅರ್ಥ. ಮಕ್ಕಳಿಲ್ಲದ ಆ ಎರಡು ಕೋಣೆಯ ಮನೆಯಲ್ಲಿ ಇದೇ ಅವರ ದಿನದ ನಗು.

ಹೀಗಿರುವಾಗ ಆ ನೀಲಿ ಕಾರು ಬಂತು. ನೋಡೋಕೆ ಲಕ್ಷಣವಾಗಿತ್ತು. ಒಳಗೆ ಯಾರೋ ಇಷ್ಟಪಟ್ಟು ಇಟ್ಟುಕೊಂಡಿದ್ದರು ಅಂತ ಸೀಟು ನೋಡಿದರೇ ಗೊತ್ತಾಗುತ್ತಿತ್ತು. ಅದು ಬಂದು ವಾರವಾಗಿರಬೇಕು, ಯಜಮಾನರು ಗಾಜಿನ ರೂಮಿಗೆ ಕರೆದರು.

"ಬಾಗಿಲು ಹಾಕು. ಕಾರಿನ ಕಂಪನಿಯೋರು ಫೋನ್ ಮಾಡಿದ್ರು. ನಮ್ಮ ನೀಲಿ ಕಾರಿದೆಯಲ್ಲ, ಅದರ ಜೊತೆ ತಯಾರಾದ ಕಾರುಗಳನ್ನೆಲ್ಲ ವಾಪಸ್ ಕರೀತಿದಾರಂತೆ. ರೀಕಾಲ್ ಅಂತಾರಲ್ಲ, ಅದು."

"ಯಾಕಂತೆ?"

"ಡ್ರೈವರ್ ಪಕ್ಕದ ಸೀಟಿನ ಬೆಲ್ಟಿದೆಯಲ್ಲ, ಅದರ ಕೊಂಡಿ. ಒಳಗಿನ ಸ್ಪ್ರಿಂಗು ಸರಿ ಇಲ್ಲ. ಹಾಕಿದಾಗ ಟಕ್ ಅನ್ನುತ್ತಂತೆ, ಹಿಡಿದ ಹಾಗೇ ಕಾಣುತ್ತಂತೆ, ಜೋರಾಗಿ ಜಗ್ಗಿದ್ರೆ ಬಿಟ್ಟುಕೊಂಡರೂ ಬಿಟ್ಟುಕೊಳ್ಳಬಹುದಂತೆ. ಬಿಟ್ಟಿ ಬದಲಾಯಿಸಿ ಕೊಡ್ತಾರೆ. ಆದ್ರೆ ಆ ಸಾಮಾನು ಬರೋದು ಇನ್ನೂ ತಿಂಗಳುಗಟ್ಟಲೆ ತಡ."

"ಹಾಗಾದ್ರೆ ಅಲ್ಲೀವರೆಗೂ ಅದನ್ನ ಪಕ್ಕಕ್ಕೆ ನಿಲ್ಲಿಸೋಣ್ವಾ?"

"ನಿಲ್ಲಿಸಿಕೊಂಡು ಮುಖ ನೋಡ್ತಾ ಕೂರೋಣ್ವಾ? ಬಿಸಿಲಿಗೆ ಬಣ್ಣ ಹೋದ್ರೆ ಕಂಪನಿಯೋನು ಬಂದು ಬಳೀತಾನಾ? ಮಾಡಿದ್ದು ಅವನು, ಕರೀತಿರೋದು ಅವನು. ಮಧ್ಯೆ ನಾವ್ಯಾರು? ಕೇಳಿದ್ರೆ ಹೇಳು, ನಾನೇನು ಬೇಡ ಅಂದ್ನಾ?"

ಐಬಣ್ಣ ಹೊರಗೆ ಬಂದು ನೀಲಿ ಕಾರಿನೊಳಗೆ ಕೂತು ಆ ಬೆಲ್ಟ್ ಹಾಕಿ ನೋಡಿದ. ಟಕ್ ಅಂದಿತು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದ, ಬಿಡಲಿಲ್ಲ. ಮತ್ತೆ ಜಗ್ಗಿದ, ಆಗಲೂ ಬಿಡಲಿಲ್ಲ. ಕಂಪನಿಯವರು ಸುಮ್ಮನೆ ಹೆದರುತ್ತಾರೆ ಅಂದುಕೊಂಡ. ಮನುಷ್ಯನ ಮನಸ್ಸಿಗೆ ಬೇಕಾದ ಉತ್ತರ ಎಷ್ಟು ಬೇಗ ಸಿಗುತ್ತೆ ನೋಡಿ!

ಆ ಕಾರಿನ ಮುಂದೆ ಬಂದು ನಿಂತವರು ಬೇರೆ ಯಾರೂ ಅಲ್ಲ, ಎರಡು ರಸ್ತೆ ಆಚೆ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವರು. ಐಬಣ್ಣನ ಮೂಗಿನ ಮೇಲಿದ್ದ ಕನ್ನಡಕವೂ ಅವರು ಮಾಡಿಕೊಟ್ಟದ್ದೇ. ತೆಳ್ಳಗಿನ, ಮೆದು ಮಾತಿನ ಮನುಷ್ಯ. ಜೊತೆಗೆ ಬಂದಿದ್ದ ಹೆಂಡತಿ ಅವರಿಗೆ ಪೂರಾ ಉಲ್ಟಾ. ಗುಂಡುಗುಂಡಗೆ ಇದ್ದ ಆಕೆ ಬಂದವರೇ ಯಾರ ಅಪ್ಪಣೆಯನ್ನೂ ಕೇಳದೆ ಮುಂದಿನ ಬಾಗಿಲು ತೆಗೆದು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತುಬಿಟ್ಟರು.

"ಈ ಜಾಗ ನಂದು. ಇಷ್ಟು ವರ್ಷ ಇವರ ಸ್ಕೂಟರ್ ಹಿಂದೆ ಕೂತು ಬೆನ್ನು ನೋಡಿದ್ದೇ ಆಯ್ತು. ಇನ್ಮೇಲೆ ಮುಖ ನೋಡ್ಕೊಂಡು ಹೋಗ್ತೀನಿ."

"ನೋಡೋಕೆ ಅಂಥದ್ದೇನಿದೆಯೇ ಈ ಮುಖದಲ್ಲಿ?" ಅಂದರು ಗಂಡ.

"ಏನೂ ಇಲ್ಲ, ಆದ್ರೂ ಬೆನ್ನಿಗಿಂತ ವಾಸಿ!"

ಐಬಣ್ಣನಿಗೂ ನಗು ಬಂತು. ನಗುತ್ತಲೇ ತನ್ನ ಮೂರು ಐಬು ಹೇಳಿದ. ಬಾಗಿಲ ಬಣ್ಣ, ಒಂದು ಹಳೇ ಟೈರು, ರೇಡಿಯೋದ ಒಂದು ಕಡೆ ಸದ್ದು ಬರದಿರುವುದು. ಕನ್ನಡಕದವರು ಹೆಂಡತಿಯ ಕಡೆ ತಿರುಗಿ, "ಹೇಳಲಿಲ್ವಾ ನಾನು? ಇವರ ಹತ್ರ ಬಂದ್ರೆ ಮೋಸ ಇಲ್ಲ," ಅಂದರು. ಆಕೆಗೆ ಭುಜ ನೋವು, ಕೈ ಹಿಂದಕ್ಕೆ ಬರುತ್ತಿರಲಿಲ್ಲ. ಅದಕ್ಕೆ ಗಂಡನೇ ಕಾರಿನೊಳಗೆ ಬಗ್ಗಿ ಬೆಲ್ಟ್ ಎಳೆದು ಕೊಂಡಿಗೆ ಸೇರಿಸಲು ನೋಡಿದರು. ಹೊಸ ಕೈ, ಎಡವಿತು.

"ಹೇಗೆ ಇದು ಐಬಣ್ಣೋರೇ, ಹೀಗಾ?"

"ಹಾಗೇ ಸಾರ್. ಒಳಗೆ ಒತ್ತಿ. ಟಕ್ ಅನ್ನಬೇಕು. ಟಕ್ ಅಂದ್ರೆ ಹಿಡೀತು ಅಂತ ಲೆಕ್ಕ."

ಟಕ್ ಅಂದಿತು. ಆಕೆ ಹೊಟ್ಟೆಯ ಮೇಲಿನ ಬೆಲ್ಟನ್ನು ತಟ್ಟಿ, "ಅಯ್ಯೋ, ನನ್ನನ್ನ ಕಟ್ಟಿಹಾಕಿಬಿಟ್ರಲ್ಲ ಅಣ್ಣಾ ನಮ್ಮ ಸಾಹೇಬ್ರು!" ಅಂತ ಐಬಣ್ಣನನ್ನು ನೋಡಿ ನಕ್ಕರು. ನಾಲ್ಕನೇ ಐಬು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಗಾಜಿನ ರೂಮಿನ ಕಡೆ ನೋಡಿದ. ಯಜಮಾನರು ಫೋನಿನಲ್ಲಿದ್ದರು, ಇವನ ಕಡೆ ತಿರುಗಿಯೂ ನೋಡಿರಲಿಲ್ಲ. ಪಾಪ, ತಪ್ಪನ್ನು ಅವರ ಮೇಲೆ ಹಾಕೋಕೂ ದಾರಿ ಇರಲಿಲ್ಲ. ಗಂಡ ಹೆಂಡತಿ ಇಬ್ಬರಲ್ಲಿ ಯಾರಾದರೂ "ಇನ್ನೇನಾದ್ರೂ ಇದೆಯಾ?" ಅಂದಿದ್ದರೆ ಹೇಳಿಯೇಬಿಡುತ್ತಿದ್ದ, ಅದರಲ್ಲಿ ಸಂಶಯವೇ ಇಲ್ಲ. ಅವರು ಅನ್ನಲಿಲ್ಲ. ಮಾರನೇ ದಿನ ಕಾರು ಹೋಯಿತು.

ಕಾರು ಹೋದರೂ ಅದರ ಐಬು ಹೋಗಲಿಲ್ಲ, ಐಬಣ್ಣನ ಹತ್ತಿರವೇ ಉಳಿಯಿತು. ಊಟಕ್ಕೆ ಕೂತರೆ ಆ ನಗು ನೆನಪಾಗುತ್ತಿತ್ತು. ರಸ್ತೆಯಲ್ಲಿ ನೀಲಿ ಬಣ್ಣದ್ದು ಯಾವುದು ಹೋದರೂ ಕತ್ತು ತಿರುಗುತ್ತಿತ್ತು. ಒಂದು ಸಲ ನಿಜವಾಗಿಯೂ ಅವರೇ ಹೋದರು. ಮುಂದೆ ಆಕೆ, ಕಿಟಕಿಯಿಂದ ಕೈ ಬೀಸಿ, "ಅಣ್ಣಾ!" ಅಂದರು. ರಿಪೇರಿಯೂ ಬೇಡ, ಖರ್ಚೂ ಬೇಡ, ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ ಅಂದರೆ ಸಾಕು. ಒಂದು ಮಾತು. ಅಷ್ಟಕ್ಕೆ ತನಗೇನು ದಾಡಿ ಅಂತ ತನ್ನನ್ನೇ ಬೈದುಕೊಂಡು, ಒಂದು ಮಧ್ಯಾಹ್ನ ಕನ್ನಡಕದ ಅಂಗಡಿಗೆ ಹೋದ. ನೆಪಕ್ಕೆ ಕನ್ನಡಕದ ಕಡ್ಡಿ ಸಡಿಲವಾಗಿದೆ ಅಂದ.

ಅಂಗಡಿಯಲ್ಲಿ ಇನ್ನೂ ಇಬ್ಬರು ಕಾದಿದ್ದರು. ಕನ್ನಡಕದವರು ಐಬಣ್ಣನನ್ನು ಕಂಡದ್ದೇ ತಡ, ಸಣ್ಣ ಸ್ಕ್ರೂಡ್ರೈವರ್ ಹಿಡಿದ ಕೈ ಎತ್ತಿ ಅವರಿಗೆಲ್ಲ ಪರಿಚಯ ಮಾಡಿಸಿದರು. "ಇವರೇ ನೋಡಿ ನಾನು ಹೇಳ್ತಿದ್ದೋರು. ತಮ್ಮ ಕಾರಿನ ತಪ್ಪು ತಾವೇ ಹೇಳಿ ಮಾರ್ತಾರೆ. ಈ ಕಾಲದಲ್ಲಿ ಇಂಥವರು ಎಲ್ಲಿದ್ದಾರೆ ಹೇಳಿ?" ಇಬ್ಬರೂ ಐಬಣ್ಣನನ್ನು ಗೌರವದಿಂದ ನೋಡಿದರು. ಹೇಳೋಕೆ ಬಂದದ್ದನ್ನು ಬಿಟ್ಟು ಐಬಣ್ಣ ಕನ್ನಡಕ ತೆಗೆದು ಕಡ್ಡಿ ಮುಂದೆ ಮಾಡಿದ.

ಆಮೇಲೆ ಅವರು ಒಳಗಿನ ಕತ್ತಲು ಕೋಣೆಗೆ ಕರೆದು, ಬಂದದ್ದಕ್ಕೆ ಕಣ್ಣನ್ನೂ ನೋಡಿಬಿಡೋಣ ಅಂತ ಕುರ್ಚಿಯಲ್ಲಿ ಕೂರಿಸಿದರು. ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಹಾಕುತ್ತ, "ಈಗ ಸರಿ ಕಾಣುತ್ತಾ? ಇದು ಚೆನ್ನಾಗಿದೆಯಾ, ಮೊದಲನೇದಾ?" ಅಂತ ಕೇಳುತ್ತಾ ಹೋದರು. ಅವರ ಮುಖ ಗೇಣು ದೂರದಲ್ಲಿತ್ತು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಿದ್ದಕ್ಕೆಲ್ಲ ಐಬಣ್ಣ ಸರಿಯಾಗಿ ಉತ್ತರ ಹೇಳಿದ. ಕೊನೆಗೆ ಧೈರ್ಯ ಮಾಡಿದ. ಆದರೆ ಮಾಡಿದ ಧೈರ್ಯ ಎಂಥದ್ದು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

"ಸಾರ್, ಅಕ್ಕನ್ನ ಹಿಂದಿನ ಸೀಟಲ್ಲಿ ಕೂರಿಸಿ. ಕಾಲು ಚಾಚಿಕೊಳ್ಳೋಕೆ ಆರಾಮ."

ಕನ್ನಡಕದವರು ಗಾಜು ಕೈಯಲ್ಲಿ ಹಿಡಿದುಕೊಂಡೇ ನಕ್ಕರು. "ಸರಿ ಹೋಯ್ತು! ಹಿಂದೆ ಕೂತ್ಕೋ ಅಂದ್ರೆ ಮನೆಯಿಂದಲೇ ಆಚೆ ಹಾಕ್ತಾಳೆ ನನ್ನ. ನಿಮಗೆ ನಮ್ಮ ಮನೆ ಸರ್ಕಾರದ ವಿಷಯ ಗೊತ್ತಿಲ್ಲ."

ಐಬಣ್ಣನೂ ಹಲ್ಲು ಕಿರಿದ. ಕಡ್ಡಿ ಬಿಗಿ ಮಾಡಿಸಿಕೊಂಡು ಮನೆಗೆ ಬಂದ. ನಾನು ಹೇಳೋದು ಹೇಳಿದ್ದೀನಿ ಅಂತ ಅಂದು ಸಂಜೆ ತನಗೆ ತಾನೇ ಹೇಳಿಕೊಂಡ. ಹೇಡಿ! ಅಂದು ಅವನಿಗೆ ಒಳ್ಳೇ ನಿದ್ದೆಯೂ ಬಂತು.

ಸುದ್ದಿ ತಂದವನು ಅಂಗಡಿಯಲ್ಲಿ ಕಾರು ತೊಳೆಯುವವನು. ಒಂದು ದಿನ ಬೆಳಿಗ್ಗೆ ಬಕೆಟ್ಟು ಕೆಳಗಿಡುತ್ತಾ, "ಕನ್ನಡಕದೋರ ಹೆಂಡ್ತಿ ಹೋಗ್ಬಿಟ್ರಂತೆ ಕಣಣ್ಣ," ಅಂದ. ಮುಂದಿದ್ದ ಬಸ್ಸು ಗಕ್ಕನೆ ನಿಂತಿತ್ತು, ಇವರ ಕಾರು ಹೋಗಿ ಗುದ್ದಿತ್ತು. ವೇಗವೇನೂ ಇರಲಿಲ್ಲ. ಗಂಡನಿಗೆ ಕೈ ತರಚಿತ್ತು ಅಷ್ಟೇ. ಆಕೆ ಮಾತ್ರ ಮುಂದಿನ ಗಾಜಿಗೆ ಹೋಗಿ ಬಡಿದಿದ್ದರು.

"ಬೆಲ್ಟ್ ಹಾಕಿರಲಿಲ್ವಂತೆ," ಅಂದ ತೊಳೆಯುವವನು.

"ಹಾಕಿದ್ರು!" ಅಂದ ಐಬಣ್ಣ.

"ನಿಂಗೆ ಹೇಗೆ ಗೊತ್ತು? ನೀನಿದ್ದಾ ಅಲ್ಲಿ?"

"ಅಲ್ಲ... ಹಾಕಿರಬಹುದು ಅಂದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತೊಳೆಯುವವನು ಇವನ ಮುಖವನ್ನು ಒಂದು ಗಳಿಗೆ ನೋಡಿ, ಬಕೆಟ್ಟು ಎತ್ತಿಕೊಂಡು ಹೋದ. ಐಬಣ್ಣ ಅಂದು ಮೂರು ಜನಕ್ಕೆ ಕಾರು ತೋರಿಸಿದ, ಯಾರಿಗೂ ಒಂದು ಐಬನ್ನೂ ಹೇಳಲಿಲ್ಲ. ಸಾವಿನ ಮನೆಗೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುತ್ತಾನೆ?

ಅವನು ಹೋಗದಿದ್ದರೇನು, ಕನ್ನಡಕದವರೇ ಬಂದರು. ಕೆಲವು ವಾರ ಕಳೆದಿತ್ತು. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಒಂದರ ಜಾಗಕ್ಕೆ ಒಂದು ಹಾಕಿಕೊಂಡಿದ್ದರು. ಊರಿನವರ ಕನ್ನಡಕವನ್ನೆಲ್ಲ ನೆಟ್ಟಗೆ ಮಾಡಿಕೊಡುವವರ ಮೂಗಿನ ಮೇಲೆ ಅವರದೇ ಕನ್ನಡಕ ಒಂದು ಕಡೆ ವಾಲಿತ್ತು, ಕಡ್ಡಿ ಬಗ್ಗಿತ್ತು. ಐಬಣ್ಣ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಗಾಜಿನ ರೂಮಿನಿಂದ ಯಜಮಾನರು ಎದ್ದು ಬಂದು, ಬಾಗಿಲಲ್ಲೇ ನಿಂತರು.

"ಜಗಳ ಆಡೋಕೆ ಬಂದಿಲ್ಲ ಐಬಣ್ಣೋರೇ," ಅಂದರು ಕನ್ನಡಕದವರು. "ಒಂದು ಮಾತು ಕೇಳಿಕೊಂಡು ಹೋಗೋಣ ಅಂತ ಬಂದೆ. ಬೇರೆ ಯಾರು ಹೇಳಿದ್ರೂ ನನಗೆ ನಂಬಿಕೆ ಬರಲ್ಲ, ನೀವು ಹೇಳಿದ್ರೆ ಮುಗೀತು."

"ಕೇಳಿ ಸಾರ್."

"ಗುದ್ದಿದ ದಿನ ಅವಳಿಗೆ ಬೆಲ್ಟ್ ಹಾಕಿದವನು ನಾನು. ದಿನಾ ನಾನೇ ಹಾಕ್ತಿದ್ದೆ. ಟಕ್ ಅಂತ ಸದ್ದು ಕೇಳಿಸಿಕೊಂಡೇ ಗಾಡಿ ತೆಗೀತಿದ್ದೆ, ನೀವೇ ಹೇಳಿಕೊಟ್ಟಿದ್ರಲ್ಲ. ಅವತ್ತೂ ಕೇಳಿಸಿತ್ತು ಅಂತ ನನ್ನ ಮನಸ್ಸು ಹೇಳುತ್ತೆ. ಆದ್ರೆ ಪೊಲೀಸರು ನೋಡಿದಾಗ ಬೆಲ್ಟ್ ಬಿಚ್ಚಿತ್ತು. ಹಾಕೇ ಇಲ್ಲ ಅಂತ ಬರೆದುಕೊಂಡ್ರು. ನನ್ನ ಮಗಳು..." ಅವರು ವಾಲಿದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡರು. "ನನ್ನ ಮಗಳು, ಅಮ್ಮಂಗೆ ಒಂದು ಬೆಲ್ಟ್ ಹಾಕೋಕೆ ನಿಮಗಾಗಲಿಲ್ವಾ ಅಪ್ಪಾ ಅಂದ್ಳು. ಆಮೇಲೆ ನನ್ನ ಜೊತೆ ಮಾತೇ ಆಡಿಲ್ಲ. ಹೇಳಿ ಐಬಣ್ಣೋರೇ, ಅವತ್ತು ಇಲ್ಲಿ ನಿಮ್ಮೆದುರಿಗೇ ಹಾಕಿ ನೋಡಿದ್ವಲ್ಲ. ಆ ಬೆಲ್ಟ್ ಹಿಡಿದಿತ್ತಾ?"

ಐಬಣ್ಣನ ಕಣ್ಣು ಬಾಗಿಲ ಕಡೆ ಹೋಯಿತು. ಯಜಮಾನರು ಅವನನ್ನೇ ನೋಡುತ್ತಿದ್ದರು. ಕೇಳಿದ್ದಕ್ಕೆ ಇವನು ಉತ್ತರ ಕೊಡಬೇಕು, ಸುಳ್ಳು ಹೇಳೋ ಹಾಗಿಲ್ಲ.

"ಹಿಡಿದಿತ್ತು ಸಾರ್," ಅಂದ. "ಅವತ್ತು ಹಿಡಿದಿತ್ತು."

ಅದು ಅಕ್ಷರಶಃ ನಿಜ. ಕಿವಿಯೂ ಕೆಂಪಾಗಲಿಲ್ಲ.

ಕನ್ನಡಕದವರು ತಲೆಯಾಡಿಸಿದರು. ಎಷ್ಟೋ ಹೊತ್ತು ತಲೆಯಾಡಿಸುತ್ತಲೇ ಕೂತಿದ್ದರು. "ಹಾಗಾದ್ರೆ ನಂದೇ ತಪ್ಪು," ಅಂದರು ಕೊನೆಗೆ. "ನಾನೇ ಸರಿಯಾಗಿ ಹಾಕಿರಲಿಲ್ಲ. ಸದ್ದು ಕೇಳಿಸಿತ್ತು ಅನ್ನೋದು ನನ್ನ ಭ್ರಮೆ ಇರಬೇಕು." ಕುರ್ಚಿಯ ತೋಳು ಹಿಡಿದು ಎದ್ದು, "ನಿಜ ಹೇಳಿದ್ರಲ್ಲ, ಉಪಕಾರ ಆಯ್ತು," ಅಂತ ಐಬಣ್ಣನ ಕೈ ಹಿಡಿದು ಅದುಮಿ, ಬಂದ ದಾರಿಯಲ್ಲೇ ನಡೆದುಕೊಂಡು ಹೋದರು.

"ಚೆನ್ನಾಗಿ ಹೇಳ್ದೆ ಕಣಯ್ಯ," ಅಂದರು ಯಜಮಾನರು, ಬಾಗಿಲಿಂದಲೇ.

ಐಬಣ್ಣ ಆ ಕೈಯನ್ನು ಕಾರು ತೊಳೆಯುವ ನಲ್ಲಿಯಲ್ಲಿ ತೊಳೆದುಕೊಂಡ. ಯಾಕೆ ತೊಳೆದುಕೊಂಡ ಅಂದರೆ ಅವನಿಗೇ ಗೊತ್ತಿಲ್ಲ.

ಸಂಜೆ ಹೆಂಡತಿ, "ಏನ್ರೀ, ಇವತ್ತು ಎಷ್ಟು ಐಬು?" ಅಂದಳು. ಅವನು ಚಪ್ಪಲಿಯನ್ನೂ ಬಿಡದೆ ಬಾಗಿಲ ಹತ್ತಿರವೇ ಕೂತು ಅಳೋಕೆ ಶುರು ಮಾಡಿದ. ಮದುವೆಯಾದಾಗಿನಿಂದ ಆಕೆ ಅವನು ಅಳುವುದನ್ನು ನೋಡಿರಲಿಲ್ಲ. ಹೊಲಿಗೆ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತಳು. ಅವನು ಮೊದಲಿಂದ ಕೊನೆಯವರೆಗೂ ಹೇಳಿದ. ನೀಲಿ ಕಾರು, ಕಂಪನಿಯ ಫೋನು, ಕೊಂಡಿ, ಕತ್ತಲು ಕೋಣೆ, ಇವತ್ತಿನ ಮಾತು.

"ನಾನು ಸುಳ್ಳಂತೂ ಹೇಳಲಿಲ್ಲ ಕಣೇ," ಅಂದ ಕೊನೆಗೆ. "ಅವರು ಕೇಳಿದ್ದಿದ್ರೆ ಅವತ್ತೇ ಹೇಳ್ತಿದ್ದೆ."

"ಏನಂತ ಕೇಳಬೇಕಿತ್ತು ಅವರು?" ಆಕೆಯ ದನಿ ಏರಲಿಲ್ಲ. "ಕೊಂಡಿ ಕೆಟ್ಟಿದೆ ಅಂತ ಗೊತ್ತಿದ್ದೋರು ತಾನೇ ಕೊಂಡಿ ಹೇಗಿದೆ ಅಂತ ಕೇಳೋದು? ಗೊತ್ತಿಲ್ಲದ್ದನ್ನ ಹೇಗೆ ಕೇಳ್ತಾರೆ ರೀ?"

ಅವನು ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದ.

"ಟಕ್ ಅಂದ್ರೆ ಹಿಡೀತು ಅಂತ ಹೇಳಿಕೊಟ್ರಲ್ಲ, ಅದು ಸುಳ್ಳಲ್ವಾ?" ಅಂದಳು ಆಕೆ. ಆಮೇಲೆ ಎದ್ದು ಹೋಗಿ ಒಲೆ ಹಚ್ಚಿದಳು. ಊಟ ಬಡಿಸುವಾಗ, "ಆ ಮಗಳು ಅಪ್ಪನ್ನ ಮಾತಾಡಿಸ್ತಿಲ್ಲ ಅಂದ್ರಲ್ಲ. ಹೋದೋರಂತೂ ಹೋದ್ರು. ಇರೋರ ಮೇಲಿನ ಕಲ್ಲನ್ನಾದರೂ ತೆಗೀರಿ. ನಾಳೆ ಹೋಗಿ ಹೇಳಿ," ಅಂದಳು. ಅವನ ಕೆಲಸ ಹೋದರೆ ಮುಂದೇನು ಅಂತ ಆಕೆಯೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬೆಳಿಗ್ಗೆ ಐಬಣ್ಣ ತನ್ನ ಅಂಗಡಿಗೆ ಹೋಗದೆ ಸೀದಾ ಕನ್ನಡಕದ ಅಂಗಡಿಗೆ ಹೋದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಅದು ಅವನಿಗೂ ಗೊತ್ತಿತ್ತು. ಒಳಗೆ ದೀಪ ಒಂದೇ ಹತ್ತಿತ್ತು. ಕನ್ನಡಕದವರು ಮೇಜಿನ ಹಿಂದೆ ಸುಮ್ಮನೆ ಕೂತಿದ್ದರು. ಇನ್ನೊಂದು ತುದಿಯಲ್ಲಿ ಒಬ್ಬ ಹೆಣ್ಣುಮಗಳು ಅವರ ಕಡೆ ಬೆನ್ನು ಹಾಕಿ ಚೌಕಟ್ಟುಗಳ ಧೂಳು ಒರೆಸುತ್ತಿದ್ದಳು. ಓರೆಯಲ್ಲಿ ಕಂಡ ಗುಂಡು ಮುಖ, ತಾಯಿಯದೇ ಅಚ್ಚು. ಇವಳೇ ಮಗಳು ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಐಬಣ್ಣ ಕೂರಲಿಲ್ಲ. ನಿಂತಲ್ಲೇ, ಅವಳ ಬೆನ್ನಿಗೇ ಹೇಳಿದ.

"ನಿಮ್ಮ ಅಪ್ಪ ಬೆಲ್ಟ್ ಹಾಕಿದ್ರು ತಾಯಿ. ಸರಿಯಾಗೇ ಹಾಕಿದ್ರು. ಕಾರಿನ ಕೊಂಡಿಯಲ್ಲೇ ಐಬಿತ್ತು. ಹಿಡಿದ ಹಾಗೆ ಸದ್ದು ಮಾಡಿ, ಜಗ್ಗಿದ್ರೆ ಬಿಟ್ಟುಕೊಳ್ಳುತ್ತೆ. ಕಂಪನಿಯೋರು ಆ ಥರದ ಕಾರನ್ನೆಲ್ಲ ವಾಪಸ್ ಕರೆದಿದ್ರು. ಮಾರೋಕೆ ಮೊದಲೇ ನನಗೆ ಗೊತ್ತಿತ್ತು. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ, ಪೊಲೀಸರ ಮುಂದೆ ಬೇಕಾದ್ರೂ."

ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ಮಗಳು 'ಏನು' ಅಂತಲೂ ಕೇಳಲಿಲ್ಲ. ನಿಧಾನವಾಗಿ ತಿರುಗಿದಳು, ಐಬಣ್ಣನ ಕಡೆಗಲ್ಲ, ಅಪ್ಪನ ಕಡೆಗೆ. ಆ ಮನುಷ್ಯ ಮೇಜಿನ ಅಂಚು ಹಿಡಿದುಕೊಂಡು ಎದ್ದು ನಿಂತಿದ್ದರು.

"ಟಕ್ ಅಂದಿತ್ತು ಮಗಳೇ," ಅಂದರು. "ನನಗೆ ಕೇಳಿಸಿತ್ತು. ಹೇಳಿದ್ನಲ್ಲ ನಾನು, ನನಗೆ ಕೇಳಿಸಿತ್ತು."

"ಅಪ್ಪಾ," ಅಂದಳು ಅವಳು, ಓಡಿಬಂದು ಅವರನ್ನು ಹಿಡಿದುಕೊಂಡು ಗೋಳೋ ಅಂತ ಅತ್ತಳು. ಅವರ ವಾಲಿದ ಕನ್ನಡಕ ಜಾರಿ ಮೇಜಿನ ಮೇಲೆ ಬಿತ್ತು, ಇಬ್ಬರೂ ಎತ್ತಿಕೊಳ್ಳಲಿಲ್ಲ. ಐಬಣ್ಣನಿಗೆ ಅಲ್ಲಿ ಇರೋಕೂ ಆಗಲಿಲ್ಲ, ಹೋಗೋಕೂ ಆಗಲಿಲ್ಲ. ಬಾಗಿಲ ಹತ್ತಿರ ಸರಿದು ನಿಂತ.

ಎಷ್ಟೋ ಹೊತ್ತಾದ ಮೇಲೆ ಕನ್ನಡಕದವರಿಗೆ ಅವನಿನ್ನೂ ಇದ್ದಾನೆ ಅನ್ನುವುದು ನೆನಪಾಯಿತು. ಮಗಳ ಭುಜದ ಮೇಲಿಂದ ಅವನನ್ನು ನೋಡಿದರು. ಕನ್ನಡಕವಿಲ್ಲದ ಆ ಕಣ್ಣಿಗೆ ಅವನ ಮುಖ ಎಷ್ಟು ಕಂಡಿತೋ ಏನೋ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಮೆದು ಮಾತು.

"ಅವತ್ತು ಇಲ್ಲಿಗೆ ಬಂದಿದ್ರಲ್ಲ ಐಬಣ್ಣೋರೇ, ಕಡ್ಡಿ ಬಿಗಿ ಮಾಡಿಸೋಕೆ. ಹಿಂದಿನ ಸೀಟಲ್ಲಿ ಕೂರಿಸಿ ಅಂದ್ರಿ. ಇದನ್ನ ಹೇಳೋಕೇ ಬಂದಿದ್ರಾ?"

"ಹೌದು ಸಾರ್."

"ಒಳಗೆ ನಾವಿಬ್ಬರೇ ಇದ್ವಿ. ಮತ್ತೆ ಯಾಕೆ ಹೇಳಲಿಲ್ಲ?"

ದಾರಿಯುದ್ದಕ್ಕೂ ಐಬಣ್ಣ ಇದಕ್ಕೆ ಏನೇನೋ ಜೋಡಿಸಿಕೊಂಡು ಬಂದಿದ್ದ. ಹೆದರಿದ್ದೆ ಅನ್ನಬೇಕು, ನೀವು ಹೊಗಳಿದಿರಿ, ಬಾಯಿ ಬರಲಿಲ್ಲ ಅನ್ನಬೇಕು, ಕಾಲು ಹಿಡಿದುಕೊಳ್ಳಬೇಕು ಅಂತೆಲ್ಲ. ಬಾಯಿ ತೆರೆದಾಗ ಅದ್ಯಾವುದೂ ಬರಲಿಲ್ಲ. ವರ್ಷಾನುಗಟ್ಟಲೆ ರೂಢಿಯಾದ ನಾಲಿಗೆ ತನಗೆ ಗೊತ್ತಿದ್ದ ಒಂದೇ ಉತ್ತರವನ್ನು ಕೊಟ್ಟಿತು.

"ನೀವು ಕೇಳಲಿಲ್ಲ," ಅಂದುಬಿಟ್ಟ.

ಅಂದ ಮೇಲೆ ಅವನಿಗೇ ಅದು ಕೇಳಿಸಿತು. ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಬಿಸಿಯಾಯಿತು. ಕನ್ನಡಕದವರು ಮೇಜಿನ ಮೇಲೆ ಕೈಯಾಡಿಸಿ ತಮ್ಮ ಕನ್ನಡಕ ಹುಡುಕಿ ಹಾಕಿಕೊಂಡರು, ಅವನನ್ನು ಒಮ್ಮೆ ಸರಿಯಾಗಿ ನೋಡಿದರು, ಆಮೇಲೆ ಮುಖ ತಿರುಗಿಸಿಕೊಂಡರು. ಮಗಳು ಬಂದು ಬಾಗಿಲು ತೆರೆದು ಹಿಡಿದಳು. ಐಬಣ್ಣ ಹೊರಗೆ ಹೋದ. ಅವನನ್ನು ಅವರು ಮತ್ತೇನೂ ಕೇಳಲಿಲ್ಲ.